ಬಾಣಲೆಯ ನಡುವಿನ ತುಂಡು

ಬೆರ್ನಾಟ್‌ನ ವಿಚಾರಣೆ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ವಲೆನ್ಸಿಯಾದ ಸೇನಾ ನ್ಯಾಯಾಲಯದಲ್ಲಿ ಇತ್ತು. ಹಿಂದಿನ ವಾರ ಅಲ್ಲಿ ನಿಂತ ಒಂಬತ್ತು ಜನರಲ್ಲಿ ನಡತೆ ಪತ್ರ ತಂದಿದ್ದ ಇಬ್ಬರು ಮಾತ್ರ ಗುಂಡಿನಿಂದ ಪಾರಾಗಿದ್ದರು. ಬೆರ್ನಾಟ್‌ನ ಹೆಂಡತಿ ರೆಮೇಯ್ ಪತ್ರ ಬರೆಸಿಟ್ಟಿದ್ದಳು. ಊರಿನ ಅಧಿಕಾರಿ ದೋನ್ ಎಲಾದಿಯ ಸಹಿಯೊಂದು ಬಾಕಿಯಿತ್ತು. ಮೂರು ಸಲ ಕಚೇರಿಗೆ ಹೋದಾಗಲೂ ಆತ ತಲೆ ಎತ್ತಲಿಲ್ಲ. ನಾಲ್ಕನೆಯ ಸಲ ಹೇಳಿದ: "ಭಾನುವಾರ ಹೆಂಡತೀನ ಕರ್ಕೊಂಡು ಊಟಕ್ಕೆ ಬರ್ತೀನಿ. ಮೊಲದ ಪಯೇಯಾ ಮಾಡು. ಆಮೇಲೆ ನೋಡೋಣ."

ಅದು ಸ್ಪೇನಿನ ಅಂತರ್ಯುದ್ಧ ಮುಗಿದ ಮರುವರ್ಷ, 1940; ಗೆದ್ದವರು ಸೋತ ಪಕ್ಷದವರನ್ನು ಹಿಡಿದು ವಿಚಾರಿಸುತ್ತಿದ್ದರು. ಪಯೇಯಾ ಅಂದರೆ ಅಗಲ ಬಾಣಲೆಯಲ್ಲಿ ಮಾಂಸದೊಡನೆ ಬೇಯಿಸುವ ಅನ್ನ; ಆದರೆ ಗದ್ದೆಯ ಭತ್ತವನ್ನೆಲ್ಲ ಸರ್ಕಾರ ಒಯ್ದಿತ್ತು. ಗೋಡೆಯ ಪೊಳ್ಳಿನಲ್ಲಿ ಬಚ್ಚಿಟ್ಟ ಒಂದು ಸೇರು ಅಕ್ಕಿ, ಒಂದು ಹಿಡಿ ಬಿಳಿ ಅವರೆ, ಕಿತ್ತಳೆ ಮರದ ಒಣ ಸೌದೆ ಇವಿಷ್ಟು ಮನೆಯಲ್ಲಿದ್ದವು. ಮೊಲದ ಗೂಡು ಖಾಲಿಯಾಗಿ ವರ್ಷವಾಗಿತ್ತು. ರೆಮೇಯ್ ಕಾಲುವೆಯ ಎರಡೂ ದಡದ ಮನೆಗಳಲ್ಲಿ ಕೇಳಿ ಬಂದಳು. ಯಾರ ಬಳಿಯೂ ಮೊಲವಿರಲಿಲ್ಲ.

ಶನಿವಾರ ಸಂಜೆ ಮಾವ ಸೆಂತೊ ಜೌಗಿನ ಕಡೆಯಿಂದ ಬಂದು ಚೀಲ ಇಳಿಸಿದ. ಒಳಗೆ ಮೂರು ದಪ್ಪ ಗದ್ದೆ ಇಲಿಗಳಿದ್ದವು.

"ಇದನ್ನ ಅವನಿಗೆ ಬಡಿಸೋದಾ? ತಲೆ ಕೆಟ್ಟಿದೆಯಾ ಮಾವ?"

"ತಲೆ ಬಾಲ ತೆಗೆದ್ರೆ ಮೊಲಾನೇ ಕಣಮ್ಮ. ನಮ್ಮಜ್ಜ ಗದ್ದೆ ಬದೂಲಿ ಇದನ್ನೇ ಹಾಕಿ ಬೇಯಿಸ್ತಿದ್ದ. ಮೊಲ, ಕೋಳಿ ಎಲ್ಲಾ ಆಮೇಲೆ ಬಂದ ದೌಲತ್ತು. ಅವನು ಕಿತ್ತಳೆ ತೋಟದ ಧಣಿ ಮಗ ಅಂತ ಹೇಳ್ಕೊಂಡು ತಿರುಗ್ತಾನಲ್ಲ, ಅವನಿಗೇನು ಗೊತ್ತಾಗುತ್ತೆ?"

ಅವಳಿಗೆ ಬೇರೆ ದಾರಿಯಿರಲಿಲ್ಲ.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಒಲೆ ಹೂಡಿದಳು. ಬಾಣಲೆಯ ಹಿಡಿಗಳ ಮೊಳೆ ಮುಟ್ಟುವವರೆಗೆ ನೀರು ಸುರಿದಳು. ಅಕ್ಕಿ ಹರಡಿದ ಮೇಲೆ ಸೌಟು ತಾಗಿಸಲಿಲ್ಲ. ವಾಸನೆ ಅಡಗಲೆಂದು ರೋಸ್‌ಮರಿಯ ಕಡ್ಡಿಯನ್ನು ಒಂದರ ಬದಲು ಮೂರು ಇಟ್ಟಳು.

ಅತಿಥಿಗಳಿಬ್ಬರೂ ಬಂದ ಮೇಲೆ ನಾಲ್ವರೂ ಊರಿನ ರೂಢಿಯಂತೆ ಬಾಣಲೆಯ ಸುತ್ತ ಚಮಚ ಹಿಡಿದು ಕುಳಿತರು. ತಮ್ಮ ತಮ್ಮ ಅಂಚಿನಿಂದ ಒಳಕ್ಕೆ ತಿನ್ನುತ್ತ ಹೋಗಬೇಕು, ಪಕ್ಕದವರ ಪಾಲಿಗೆ ಚಮಚ ಹಾಕಬಾರದು. ಬೇಡವಾದ ತುಂಡನ್ನು ನಡುವಿಗೆ ತಳ್ಳಿದರೆ ಬೇಕಾದವರು ತೆಗೆದುಕೊಳ್ಳುತ್ತಾರೆ.

ಎಲಾದಿಯ ಹೆಂಡತಿ ಕಸಿಲ್ದಾ ದೂರದ ಬುರ್ಗೋಸ್‌ನವಳು. "ಇದಕ್ಕೆ ಸೀಗಡಿ ಹಾಕಲ್ವಾ? ಮ್ಯಾಡ್ರಿಡ್‌ನಲ್ಲಿ ಹಾಕಿದ್ರು," ಎಂದಳು.

"ಸೀಗಡಿ ಸಮುದ್ರದ ದಡದೋರದ್ದಮ್ಮ," ಎಂದ ಸೆಂತೊ. "ಮ್ಯಾಡ್ರಿಡ್‌ನೋರು ಕಣ್ಣಿಗೆ ಬಿದ್ದಿದ್ದೆಲ್ಲ ಸುರೀತಾರೆ. ನಮ್ಮಲ್ಲಿ ಹಾವುಮೀನು, ಬಾತು, ಬಸವನಹುಳು... ಗದ್ದೇಲಿ ಓಡಾಡೋದು ಏನಿದ್ರೂ..."

"ಅನ್ನ ಆರುತ್ತೆ ಮಾವ," ಎಂದಳು ರೆಮೇಯ್.

ಎಲಾದಿ ಒಂದು ತೊಡೆ ಕಚ್ಚಿದ. ಅಗಿಯುವುದು ನಿಂತಿತು. ಮೂಳೆಯನ್ನು ಬೆರಳುಗಳ ನಡುವೆ ಒಮ್ಮೆ ತಿರುಗಿಸಿ ನೋಡಿ, ಬಾಣಲೆಯ ನಡುವಿಗೆ ತಳ್ಳಿದ.

ರೆಮೇಯ್‌ಗೆ ಕಂಡದ್ದು ಇಷ್ಟೇ: ಮಂಗಳವಾರ, ಹತ್ತು ಗಂಟೆ, ಗೋಡೆಗೆ ನಿಲ್ಲಿಸಿದ ಬೆರ್ನಾಟ್.

"ಅಯ್ಯೋ, ಯಾಕೆ ಬಿಟ್ರಿ? ಎಷ್ಟು ಎಳೇ ಮೊಲ!" ಎನ್ನುತ್ತ ಕಸಿಲ್ದಾ ಆ ತುಂಡನ್ನು ಎತ್ತಿಕೊಂಡು ಸೀಪತೊಡಗಿದಳು.

ಎಲಾದಿಯ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ರೆಮೇಯ್ ಅದನ್ನು ನೋಡಿದಳು. ಕಿತ್ತಳೆ ತೋಟದ ಧಣಿಯ ಮಗ ಒಂದು ತುತ್ತಿಗೇ ಇದನ್ನು ಗುರುತಿಸಲಾರ. ಜೌಗಿನಲ್ಲಿ ಹಸಿದು ಬೆಳೆದವನು ಮಾತ್ರ ಗುರುತಿಸಬಲ್ಲ.

ಆತ ಕೈ ತೊಳೆಯಲು ಬಾವಿಯ ಕಡೆ ಎದ್ದುಹೋದ. ಅವಳು ಪತ್ರ, ಪೆನ್ನು ಹಿಡಿದು ಹಿಂದೆಯೇ ಹೋದಳು.

"ಎಷ್ಟು ಧೈರ್ಯ ನಿಂಗೆ? ನಾಳೆನೇ ಒಳಗೆ ಹಾಕಿಸ್ತೀನಿ."

"ಹಾಕ್ಸಿ. ದೂರಲ್ಲಿ ಏನು ಬರೀತೀರಿ ಸಾಹೇಬ್ರೇ? ಅದು ಏನು ಅಂತ ನಿಮಗೆ ಹೇಗೆ ಗೊತ್ತಾಯ್ತು ಅಂತ ಬರೀತೀರಾ?" ಅವಳು ಪತ್ರವನ್ನು ಮುಂದೆ ಚಾಚಿದಳು.

"ನಿನ್ನ ಮಾವನ ಬಾಯಿ ಕಟ್ಟಿಹಾಕೋರು ಯಾರು? ನಾಳೆ ಕಚೇರಿಗೆ ಬಾ, ಯೋಚನೆ ಮಾಡ್ತೀನಿ."

"ನಾಳೆ ನೀವು ಬಾಗಿಲು ತೆಗೆಸಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಈಗಲೇ ಹಾಕಿ. ಅವನು ಯಾರಿಗೂ ಕೆಟ್ಟದ್ದು ಮಾಡಿಲ್ಲ."

ಅಂಗಳದಿಂದ ಕಸಿಲ್ದಾ ಕೂಗಿದಳು: "ರೀ, ಇದನ್ನ ಹೇಗೆ ಮಾಡೋದು ಅಂತ ಕೇಳ್ಕೊಂಡು ಬನ್ನಿ! ಇದರಲ್ಲಿ ಏನೇನು ಹಾಕಿದ್ದಾಳಂತೆ?"

ಎಲಾದಿ ಅಂಗಳದ ಕಡೆ ತಿರುಗಿ ನೋಡಿದ.

"ಅಮ್ಮಾವ್ರು ಕೇಳ್ತಿದ್ದಾರೆ," ಎಂದಳು ರೆಮೇಯ್ ಮೆಲ್ಲಗೆ. "ಏನು ಹೇಳ್ಲಿ?"

ಎಲಾದಿ ಪೆನ್ನು ಕಿತ್ತುಕೊಂಡ. ಬಾವಿಯ ಕಟ್ಟೆಯ ಮೇಲೆ ಕಾಗದ ಒತ್ತಿ ಸಹಿ ಹಾಕಿದ. ತೊಳೆಯದ ಬೆರಳಿನ ಎಣ್ಣೆ ಸಹಿಯ ಪಕ್ಕದಲ್ಲಿ ಹಳದಿ ಕಲೆಯಾಗಿ ಹರಡಿತು. ಅವಳು ಸೆರಗಂಚಿನಂತೆ ಇಳಿಬಿದ್ದ ಏಪ್ರನ್ನಿನ ತುದಿಯಿಂದ ಅದನ್ನು ಒತ್ತಿದಳು. ಕಲೆ ಹೋಗಲಿಲ್ಲ. ಅದಕ್ಕೇ ನ್ಯಾಯಾಲಯದವರು ಪತ್ರ ಬಿಸಾಡಿದರೆ? ಇನ್ನೊಂದು ಬರೆಸಲು ವೇಳೆಯಿರಲಿಲ್ಲ.

ಶಾಯಿ ಆರುವವರೆಗೆ ಕಾಗದವನ್ನು ಬಿಸಿಲಿಗೆ ಹಿಡಿದು ನಿಂತೇ ಅವಳು ಅಂಗಳದ ಕಡೆ ತಿರುಗಿ ಕೂಗಿದಳು:

"ಮೊಲ ಅಮ್ಮಾವ್ರೇ. ಬರೀ ಮೊಲ."