ಹಗ್ಗದ ತುದಿಯವಳು

ಬಕಲ್ ಸುಡುತ್ತಿದೆ, ಬಿಸಿಲಿಗೆ ಕಾದ ಕಬ್ಬಿಣ ಟೀಶರ್ಟಿನ ಮೇಲಿನಿಂದಲೂ ಹೊಟ್ಟೆಗೆ ಚುರ್ ಎನ್ನುತ್ತಿದೆ, ಇನ್ನಾ ಸ್ವಲ್ಪ ಬಿಗಿ ಮಾಡವಾ ತಂಗಿ ಎಂದು ಲಕ್ಷ್ಮೀಕಾಂತ ಸರ್ ಸುಣ್ಣದ ಗೆರೆಯ ಆಚೆಯಿಂದ ಕೂಗುತ್ತಿದ್ದಾರೆ, ಅವರಿಗೇನು, ಕೂಗುವುದಕ್ಕೇ ಹುಟ್ಟಿದ ಕೋಚು, ಬಿಗಿ ಮಾಡುತ್ತಿರುವವಳು ನನ್ನ ಮಗಳು ಅಶ್ಮಿತಾ, ಮೊನ್ನೆ ಹದಿನೆಂಟು ತುಂಬಿತು, ಪಟ್ಟಿ ಎಳೆಯುವಾಗ ಕೆಳತುಟಿ ಕಚ್ಚಿಕೊಳ್ಳುತ್ತಾಳೆ, ನನ್ನ ಮುಖ ನೋಡುವುದಿಲ್ಲ, ಎರಡು ವರ್ಷದಿಂದ ನೋಡುವುದಿಲ್ಲ, ಭುಜ ನೋಡುತ್ತಾಳೆ, ಕುತ್ತಿಗೆ ನೋಡುತ್ತಾಳೆ, ಮೊಣಕಾಲಿನ ಮೇಲೆಯೇ ಮುಗಿದುಹೋದ ಎಡ ತೊಡೆಯನ್ನು ಕೂಡ ನೋಡುತ್ತಾಳೆ, ಸಾಬೂನು ಹಾಕಿ ತೊಳೆದು ಒರೆಸುತ್ತಾಳೆ, ಕಣ್ಣು ಮಾತ್ರ ಬೇಡ ಅವಳಿಗೆ — ಮೂರು ಎಸೆತ ಮುಗಿದವು, ಮೂರು ಉಳಿದಿವೆ, ಮೊದಲನೆಯದು ಐದು ಮೀಟರ್ ಅರವತ್ತೆರಡು, ಆಮೇಲಿನ ಎರಡಕ್ಕೂ ಕೆಂಪು ಬಾವುಟ, ಫೌಲ್, ಯಾಕೆಂದರೆ ಕೂತೇ ಗುಂಡು ಎಸೆಯುವ ಆಟವಿದು, ಕುರ್ಚಿಯನ್ನು ಸರಪಳಿ ಹಾಕಿ ನೆಲಕ್ಕೆ ಬಿಗಿದಿದ್ದಾರೆ, ನನ್ನನ್ನು ಪಟ್ಟಿ ಹಾಕಿ ಕುರ್ಚಿಗೆ ಬಿಗಿದಿದ್ದಾರೆ, ತೊಡೆ ಸೀಟಿನಿಂದ ಒಂದು ಬೆರಳಿನಷ್ಟು ಎದ್ದರೂ ಆ ಟೋಪಿ ಹಾಕಿದ ಹೆಂಗಸು ಕೆಂಪು ಬಾವುಟ ಎತ್ತುತ್ತಾಳೆ, ಎತ್ತುವಾಗ ಪಾಪ ಅನ್ನುವ ಹಾಗೆ ತಲೆಯನ್ನೂ ಅಲ್ಲಾಡಿಸುತ್ತಾಳೆ, ಅವಳ ಪಾಪ ಯಾರಿಗೆ ಬೇಕು. ಆರು ಮೀಟರ್ ದಾಟಿದರೆ ನ್ಯಾಷನಲ್, ದಾಟದಿದ್ದರೆ ಟಿಟ್ವಾಳಾದ ಮೂರನೇ ಮಾಳಿಗೆಯ ಮನೆ, ಅದೇ ಬಾಲ್ಕನಿ, ಕೆಳಗೆ ಅದೇ ಹಳಿ. ನನಗೆ ಪದಕ ಬೇಡ, ದೇವರಾಣೆ ಬೇಡ, ಕೋಣೆಯ ಬಾಗಿಲು ಹಾಕಿಕೊಂಡು ಕೂತ ಈ ಹುಡುಗಿ ಹೊರಗೆ ಬರಬೇಕು ಅಷ್ಟೆ, ಆ ದಿನದ ನಂತರ ಅವಳು ರೈಲು ಹತ್ತಿಲ್ಲ, ಠಾಣೆಯ ಕಾಲೇಜು ಬಿಟ್ಟಳು, ಟಿಟ್ವಾಳಾದಲ್ಲಿದ್ದು ರೈಲು ಹತ್ತುವುದಿಲ್ಲ ಎಂದರೆ ಬದುಕುವುದಿಲ್ಲ ಎಂದ ಹಾಗೆಯೇ, ಹೋದ ದೀಪಾವಳಿಗೆ ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತಾ ಅವಳೇ ಅಂದದ್ದು, ತೂ ನ್ಯಾಷನಲ್ ಗಯೀ ನಾ ಮಮ್ಮಿ, ತೋ ಮೈಂ ಆವೂಂಗೀ ಟ್ರೇನ್ ಮೇ, ತೇರೇ ಸಾಥ್, ನೀನು ನ್ಯಾಷನಲ್ಲಿಗೆ ಹೋದರೆ ನಾನೂ ನಿನ್ನ ಜೊತೆ ರೈಲು ಹತ್ತುತ್ತೇನೆ ಎಂದು. ತಂಡವೆಲ್ಲ ರೈಲಿನಲ್ಲೇ ಹೋಗಬೇಕು, ಒಬ್ಬೊಬ್ಬರ ಜೊತೆ ಮನೆಯವರು ಒಬ್ಬರು. ಆ ಮಾತು ಹಿಡಿದುಕೊಂಡು ಏಳು ತಿಂಗಳು ಈ ಮೂರು ಕಿಲೋ ಗುಂಡನ್ನು ಎಸೆದಿದ್ದೇನೆ.

ಗುಂಡು ಕೈಗೆ ಬಂತು, ಅವಳೇ ತಂದುಕೊಟ್ಟಳು, ದುಪಟ್ಟಾದಿಂದ ಒರೆಸಿ, ಒಂದು ನಿಮಿಷ ಶುರು, ಎಡಗೈಯಲ್ಲಿ ಕಂಬ ಹಿಡಿದುಕೊಂಡಿದ್ದೇನೆ, ಕುರ್ಚಿಯ ಪಕ್ಕದ ಈ ಕಂಬವನ್ನು ಹಿಡಿದಾಗಲೆಲ್ಲ ಅಂಗೈ ಬೆವರುತ್ತದೆ, ಲೋಕಲ್ ರೈಲಿನ ಬಾಗಿಲಿನ ಕಂಬವೂ ಇಷ್ಟೇ ದಪ್ಪ — ಹಿಂದಕ್ಕ ಒರಗಬ್ಯಾಡ್ರಿ ಅಕ್ಕಾರ, ಹಗ್ಗಾ ಎಳಿಯೋದಲ್ಲರಿ ಇದು, ಒರಗಿದ್ರಿ ಅಂದ್ರ ತೊಡಿ ಏಳ್ತದ, ಸರ್ ನೂರು ಸಲ ಹೇಳಿದ್ದಾರೆ, ಹೇಳುವುದು ಸುಲಭ, ಹನ್ನೊಂದು ವರ್ಷ ಡೊಂಬಿವಲಿಯ ಮೈದಾನದಲ್ಲಿ ನಮ್ಮ ಕನ್ನಡ ಸಂಘದ ಕ್ರೀಡಾಕೂಟದ ಹಗ್ಗಜಗ್ಗಾಟದಲ್ಲಿ ಹಗ್ಗದ ತುದಿ ಸೊಂಟಕ್ಕೆ ಸುತ್ತಿಕೊಂಡು ನಿಂತವಳು ನಾನು, ಎಂಟು ಹೆಂಗಸರಲ್ಲಿ ಕೊನೆಯವಳು, ರತ್ನಕ್ಕ ಇದ್ದರೆ ಗೆದ್ದ ಹಾಗೆ ಎಂದು ಕಲ್ವಾದಿಂದ ಅಂಬರನಾಥದವರೆಗೆ ಹೆಸರು, ಕೊನೆಯವಳಿಗೆ ಒಂದೇ ಕೆಲಸ, ಯಾರು ಎಳೆದರೂ ಹಿಂದಕ್ಕೆ ಒರಗಬೇಕು, ಹಿಮ್ಮಡಿ ಮಣ್ಣಿಗೆ ಕಚ್ಚಿ ಆಕಾಶ ಕಾಣುವವರೆಗೆ ಒರಗಬೇಕು, ಹಗ್ಗ ಬಿಡಬಾರದು. ಗೆದ್ದರೆ ಒಂದು ಸ್ಟೀಲಿನ ಕೊಡಪಾನ, ಏಳು ಕೊಡಪಾನ ಇವೆ ಮನೆಯಲ್ಲಿ. ಈಗ ಅದೇ ಸಂಘದವರು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಕೂರಿಸುತ್ತಾರೆ, ಛಲಗಾತಿ ಎನ್ನುತ್ತಾರೆ, ಬಿದ್ದವರಿಗೆ ಆಳಿಗೊಂದು ಕಲ್ಲು ಅನ್ನುವುದು ಗಾದೆ, ನನಗೆ ಆಳಿಗೊಂದು ಶಾಲು, ಹಣ್ಣಿನ ಬುಟ್ಟಿ, ಹಾರ, ರತ್ನಾವತಿಯವರ ನಗುಮುಖ ನೋಡಿ ನಾವು ಕಲಿಯಬೇಕು ಎಂದು ಕಾರ್ಯದರ್ಶಿ ಮೈಕ್ ಹಿಡಿದರೆ ನಾನು ನಗುತ್ತೇನೆ, ಕೃತಕ ಕಾಲಿನ ಬಟ್ಟಲಿನೊಳಗೆ ತೊಡೆಯ ಚರ್ಮ ಸುಲಿದಿದ್ದರೂ ನಗುತ್ತೇನೆ, ಧೈರ್ಯವೊಂದಿದ್ದರೆ ಏನೂ ಸಾಧಿಸಬಹುದು ಎನ್ನುತ್ತೇನೆ, ಎಲ್ಲರೂ ಚಪ್ಪಾಳೆ ತಟ್ಟಿ ಊಟಕ್ಕೆ ಹೋಗುತ್ತಾರೆ. ಬಾಗು, ಬಾಗು ಎಂದು ನನಗೆ ನಾನೇ ಹೇಳಿಕೊಂಡು ಎಸೆದೆ, ನಾಲ್ಕನೆಯದು, ಬಿಳಿ ಬಾವುಟ, ಐದು ಎಪ್ಪತ್ತೊಂಬತ್ತು. ತೊಡೆ ಏಳಲಿಲ್ಲ, ಬಲವೂ ಏಳಲಿಲ್ಲ.

ನೆರಳಿನಲ್ಲಿ ನನ್ನ ಗಂಡ ಜಯಶೀಲ ಕೂತಿದ್ದಾರೆ, ಸೀರೆಯಂಗಡಿಯ ಚೀಲದಲ್ಲಿ ನನ್ನ ಕೃತಕ ಕಾಲು, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡ ಹಾಗೆ, ಬೆಳಿಗ್ಗೆ ತಾವು ದುಡಿಯುವ ತುರ್ಭೆಯ ಹೋಟೆಲಿನ ತರಕಾರಿ ಟೆಂಪೊ ಕೇಳಿ ಪಡೆದು ನಮ್ಮನ್ನು ಈ ಸಾನಪಾಡಾದ ಮೈದಾನಕ್ಕೆ ತಂದು ಹಾಕಿದರು, ರೈಲಿನಲ್ಲಿ ಬಂದಿದ್ದರೆ ಅರ್ಧ ಹೊತ್ತು ಉಳಿಯುತ್ತಿತ್ತು, ಆದರೆ ರೈಲು ಎಂಬ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ, ಕೊತ್ತಂಬರಿ ವಾಸನೆ ಇನ್ನೂ ಕೂದಲಲ್ಲಿದೆ, ದಾರಿಯಲ್ಲಿ ಒಂದೇ ಮಾತು ಅವರದು, ಆಗದಿದ್ದರೆ ಬೇಡ ಮಾರಾಯ್ತಿ, ಯಾರಿಗೆ ಎಂತ ತೋರಿಸ್ಲಿಕ್ಕುಂಟು ನಿನಗೆ. ಅವರಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಬೆರಳು ನೋಡಿದವಳು ನಾನೊಬ್ಬಳೇ. ಜುಲೈ ತಿಂಗಳು, ಅವಳಿಗೆ ಹನ್ನೊಂದನೇ ಕ್ಲಾಸಿನ ಮೊದಲ ದಿನ, ನಾನು ಬಿಟ್ಟು ಬರುತ್ತೇನೆಂದು ಜೊತೆಗೆ ಹೊರಟೆ, ಠಾಣೆಯಲ್ಲಿ ಇಳಿಯಲು ಸುಲಭ ಎಂದು ಮೊದಲೇ ಬಾಗಿಲ ಹತ್ತಿರ ಬಂದೆವು, ಡೊಂಬಿವಲಿಯಲ್ಲಿ ಇಳಿಯುವವರಿಗೆ ದಾರಿ ಬಿಡಲು ಬಾಗಿಲಲ್ಲಿದ್ದವರು ಒಮ್ಮೆ ಕೆಳಗಿಳಿದು ಮತ್ತೆ ಹತ್ತಬೇಕು, ಅದು ಪದ್ಧತಿ, ನಾನು ಇಳಿದೆ, ನೂರು ಹೆಂಗಸರು ನನ್ನನ್ನು ದಾಟಿಕೊಂಡು ಹತ್ತಿದರು, ನಾನು ಕೊನೆಯವಳಾದೆ, ಎರಡು ಕಾಲಿನ ತುದಿಗಳು ಮಾತ್ರ ಒಳಗೆ, ಎಡಗೈಯಲ್ಲಿ ಕಂಬ, ಒಳಗಿನಿಂದ ಯಾರದೋ ಬಗಲಿನ ಕೆಳಗಿಂದ ತೂರಿ ಬಂದ ಅವಳ ಕೈ ನನ್ನ ಬಲಗೈ ಮಣಿಕಟ್ಟು ಹಿಡಿದಿದೆ, ಮಮ್ಮಿ ಛೋಡ್ನಾ ಮತ್, ಮಮ್ಮಿ ಅಂದರ್ ಆ, ಬಿಡಬೇಡ, ಒಳಗೆ ಬಾ ಎಂದು ಕೂಗುತ್ತಿದ್ದಾಳೆ, ದಿವಾ ದಾಟಿತು, ತಿರುವಿನಲ್ಲಿ ಬೋಗಿ ಓರೆಯಾಯಿತು, ಮಳೆಗೆ ಒದ್ದೆಯಾದ ಕಂಬ ಜಾರಿತು, ಈಗ ಇರುವುದು ಅವಳ ಕೈ ಒಂದೇ, ಹದಿನಾರು ವರ್ಷದ ಕೈ, ಉಗುರಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದಳು ಕಾಲೇಜಿನ ಮೊದಲ ದಿನವೆಂದು — ನೋಡಿದೆ ನಾನು, ಕಿರುಬೆರಳು ಮೊದಲು ಬಿಟ್ಟಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಒಟ್ಟಿಗೆ ಮೂರೂ, ಐದು ಬೆರಳು ಅಗಲವಾಗಿ ಬಿಚ್ಚಿಕೊಂಡು ಗಾಳಿಯಲ್ಲಿ ನಿಂತವು. ಆಸ್ಪತ್ರೆಯಲ್ಲಿ ಪೊಲೀಸರಿಗೆ ಹೇಳಿದೆ, ಕೈ ಬೆವರಿತ್ತು, ಜಾರಿತು. ಗಂಡನಿಗೂ ಅದನ್ನೇ, ಸಂಘದ ಮೈಕಿನಲ್ಲೂ ಅದನ್ನೇ. ನಾನು ಹೇಳುವಾಗ ಅವಳು ಎದ್ದು ನೀರು ತರಲು ಹೋಗುತ್ತಾಳೆ, ಅಂದರೆ ನಾನು ನೋಡಿದ್ದು ಅವಳಿಗೆ ಗೊತ್ತಿದೆ.

ಐದನೆಯದು, ಗುಂಡು ಕೊಡಲು ಬಂದ ಅವಳ ಕೈ, ಈಗ ಬಣ್ಣವಿಲ್ಲ, ಉಗುರು ಕಚ್ಚಿ ಕಚ್ಚಿ ಮಾಂಸ ಕಾಣುತ್ತದೆ, ಯಾವದರ ಮ್ಯಾಲ ಸಿಟ್ಟ ಐತಿ ಅದನ್ನ ನೆನಸ್ರಿ ಅಕ್ಕಾರ, ಗುಂಡಿನೊಳಗ ಅದನ್ನ ತುಂಬ್ರಿ ಎಂದು ಸರ್ ಕಲಿಸಿದ್ದು, ಪಾಪ ಅವರು ರೈಲಿನ ಮೇಲೆ ಸಿಟ್ಟು ಎಂದುಕೊಂಡಿದ್ದಾರೆ, ನಾನು ತುಂಬುವುದು ಬೆರಳು, ಏಳು ತಿಂಗಳಿಂದ ಒಂದೊಂದು ಎಸೆತಕ್ಕೂ ಬೆರಳು, ಹೆತ್ತವಳು ನಾನು, ಬಾಣಂತನದಲ್ಲಿ ಇದೇ ಬೆರಳುಗಳನ್ನು ಬಾಯಲ್ಲಿಟ್ಟು ಮುದ್ದಾಡಿದವಳು, ಮೂರು ಹೊತ್ತೂ ನನ್ನ ಗಾಯ ತೊಳೆಯುವ ಮಗಳ ಮೇಲೆ ಇಷ್ಟು ಸಿಟ್ಟು ಇಟ್ಟುಕೊಂಡು ಬದುಕುತ್ತಿರುವ ನನ್ನಂಥ ತಾಯಿ ಉಂಟೇ, ನಾಚಿಕೆಯಾಗುತ್ತದೆ, ಆದರೆ ಬೆರಳು ನೆನೆದರೆ ಗುಂಡು ಹೋಗುತ್ತದೆ, ನೆನೆಯದಿದ್ದರೆ ಬೀಳುತ್ತದೆ, ನಾನೇನು ಮಾಡಲಿ. ಎಳೆ, ತಿರುಗು, ಎಸೆ — ಹೋಯಿತು, ದೂರ ಹೋಯಿತು, ಆರರ ಗೆರೆಯ ಆಚೆ ಧೂಳೆದ್ದಿತು, ಜಯಶೀಲ ಚೀಲ ಹಿಡಿದುಕೊಂಡೇ ಎದ್ದು ನಿಂತರು, ಮತ್ತೆ ಕೆಂಪು. ಟೋಪಿಯ ಹೆಂಗಸು ತನ್ನ ತೊಡೆಯ ಕೆಳಗೆ ಕೈ ತೂರಿಸಿ ತೋರಿಸುತ್ತಿದ್ದಾಳೆ, ಇಷ್ಟು ಎದ್ದಿತ್ತು, ಇಷ್ಟು. ಇಲ್ಲದ ಎಡಗಾಲಿನ ಇಲ್ಲದ ಹಿಮ್ಮಡಿ ಮಣ್ಣಿಗೆ ಕಚ್ಚಿತ್ತು, ನನಗೇ ಗೊತ್ತಾಯಿತು, ಎಸೆಯುವ ಮೊದಲು ಆಕಾಶ ಕಂಡಿತ್ತು, ಮೋಡವಿಲ್ಲದ ಬಿಳಿ ಆಕಾಶ, ನಾನು ಒರಗಿದ್ದೆ, ಸಿಟ್ಟು ಬಂದಾಗ ಒರಗುತ್ತೇನೆ, ಹೆದರಿದಾಗ ಒರಗುತ್ತೇನೆ, ಯಾರು ಎಳೆದರೂ ಒರಗುತ್ತೇನೆ — ಆ ದಿನವೂ ಆಕಾಶ ಕಂಡಿತ್ತಲ್ಲ. ಮಳೆಯ ಆಕಾಶ. ಬಾಗಿಲ ಹೊರಗೆ ನೇತುಬಿದ್ದವಳಿಗೆ ಕಾಣಬೇಕಾದದ್ದು ಒಳಗಿನ ಹೆಂಗಸರ ತಲೆ, ಮಗಳ ಮುಖ, ಆಕಾಶ ಹೇಗೆ ಕಂಡಿತು? ಅವಳು ಒಳಕ್ಕೆ ಎಳೆದಳು. ಮಣಿಕಟ್ಟು ಹಿಡಿದು ಇದ್ದ ಬಲವೆಲ್ಲ ಹಾಕಿ ಎಳೆದಳು, ಎಳೆತ ಬಂದದ್ದೇ ಈ ದರಿದ್ರ ಮೈ ಹನ್ನೊಂದು ವರ್ಷ ಮಾಡಿದ್ದನ್ನೇ ಮಾಡಿತು, ಕಾಲಿನ ತುದಿಯನ್ನೇ ಹಿಮ್ಮಡಿಯ ಹಾಗೆ ಊರಿ ಹಿಂದಕ್ಕೆ ಒರಗಿತು, ಎಂಟು ಹೆಂಗಸರನ್ನು ಹಿಡಿದು ನಿಲ್ಲಿಸಿದ ಭಾರವನ್ನೆಲ್ಲ ಒಂದು ಹುಡುಗಿಯ ಕೈಗೆ ಹಾಕಿತು. ಅವಳು ಬಿಡದಿದ್ದರೆ ಅವಳನ್ನೂ ಎಳೆದುಕೊಂಡೇ ಬೀಳುತ್ತಿದ್ದೆ. ಅವಳು ಕೈ ಬಿಟ್ಟದ್ದಲ್ಲ, ನಾನು ಬಿಡಿಸಿದ್ದು. ಎರಡು ವರ್ಷ ಆ ಮಗುವಿನ ಮೇಲೆ ಸಿಟ್ಟು ಮಾಡಿದೆ, ಅವಳು ಎರಡು ವರ್ಷ ತಾನೇ ತಪ್ಪಿತಸ್ಥೆ ಎಂದುಕೊಂಡು ನನ್ನ ಕಾಲು ತೊಳೆದಳು.

ಈಗಲೇ ಕರೆದು ಹೇಳಬೇಕು, ಅಶೂ ಇಲ್ಲಿ ಬಾ, ಅದು ನೀನಲ್ಲ ಮಗಾ — ಆದರೆ ಗುಂಡು ಕೈಗೆ ಬಂದಾಯಿತು, ಅವಳು ಬೆನ್ನು ತಿರುಗಿಸಿ ಗೆರೆಯಾಚೆ ಹೋಗಿಯಾಯಿತು, ಟೋಪಿಯವಳು ಗಡಿಯಾರ ಒತ್ತಿದಳು, ಕೊನೆಯದು, ಲಾಸ್ಟ್ ಐತಿ ಅಕ್ಕಾರ, ಸಿಟ್ಟ ತುಂಬ್ರಿ, ಯಾವ ಸಿಟ್ಟು ತುಂಬಲಿ ಸರ್, ಇದ್ದದ್ದೂ ಹೋಯಿತು, ಖಾಲಿಯಾದೆ, ಇಪ್ಪತ್ತು ಸೆಕೆಂಡು, ಗುಂಡು ಕುತ್ತಿಗೆಗೆ ಒತ್ತಿಕೊಂಡಿದೆ, ತಣ್ಣಗಿದೆ, ಅವಳು ತನ್ನ ನೀರಿನ ಬಾಟಲಿಯಿಂದ ತೊಳೆದು ಕೊಟ್ಟಿದ್ದಾಳೆ, ಮೂವತ್ತು ಸೆಕೆಂಡು, ಇದು ಬಿದ್ದರೆ ಅವಳು ಮತ್ತೆ ಆ ಕೋಣೆಗೆ ಹೋಗುತ್ತಾಳೆ, ಈ ಸಲ ಬಾಗಿಲು ತೆರೆಯುವುದಿಲ್ಲ, ಹತ್ತೊಂಬತ್ತು, ಇಪ್ಪತ್ತು, ಮೂವತ್ತು ವರ್ಷವಾಗುತ್ತದೆ ಅವಳಿಗೆ ಆ ಕೋಣೆಯಲ್ಲೇ, ಬಾಗು ರತ್ನಾ, ಒಳಕ್ಕೆ ಬಾಗು, ಒಳಗೆ ಮಗಳಿದ್ದಾಳೆ, ಆಕಾಶ ನೋಡಬೇಡ, ಅವಳು ಕರೆಯುತ್ತಿದ್ದಾಳೆ ಅಂದರ್ ಆ ಮಮ್ಮಿ ಎಂದು, ಅವಳ ಕಡೆಗೆ ಬೀಳು, ಬಿದ್ದರೆ ಅವಳ ಮೇಲೆಯೇ ಬೀಳು — ಕಂಬ ಎಳೆದು ಎದೆ ಮುಂದಕ್ಕೆ ಎಸೆದೆ, ಗುಂಡಿನ ಹಿಂದೆಯೇ ನಾನೂ ಹೋಗುತ್ತೇನೇನೋ ಎನ್ನುವಷ್ಟು ಬಾಗಿದೆ, ಪಟ್ಟಿ ಹೊಟ್ಟೆ ಕೊಯ್ಯಿತು, ಎರಡು ವರ್ಷ ತಡವಾಗಿ ಬಾಗಿದೆ. ಧೂಳು. ಟೋಪಿಯವಳು ನನ್ನ ತೊಡೆ ನೋಡಿದಳು, ಸೀಟು ನೋಡಿದಳು, ಬಿಳಿ ಬಾವುಟ ಎತ್ತಿದಳು, ಟೇಪು ಹಿಡಿದವರು ಎರಡು ಸಲ ಅಳೆದರು, ಆರು ಮೀಟರ್ ಸೊನ್ನೆ ಮೂರು. ಸರ್ ತಮ್ಮ ಟೋಪಿ ಹಾರಿಸಿದರು, ಜಯಶೀಲ ಚೀಲದೊಳಗಿನ ನನ್ನ ಕಾಲನ್ನು ಅವಚಿಕೊಂಡು ಅಳುತ್ತಿದ್ದಾರೆ, ಗುರುತಿಲ್ಲದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದಾರೆ, ಛಲಗಾತಿ, ನಗು, ನಗಬೇಕು, ಇನ್ನೊಂದು ಶಾಲು ಬಂತು. ಅವಳು ಓಡಿ ಬಂದಳು. ಬಕಲ್ ಬಿಚ್ಚಿದಳು, ಒಂದು, ಎರಡು, ಮೂರು, ಪಟ್ಟಿಗಳು ಕೆಳಗೆ ಬಿದ್ದವು, ಈಗ ನನ್ನನ್ನು ಹಿಡಿದಿಡುವುದು ಏನೂ ಇಲ್ಲ, ಅವಳು ನನ್ನ ಮುಖ ನೋಡುತ್ತಿದ್ದಾಳೆ, ನೇರ ಕಣ್ಣಿಗೆ ಕಣ್ಣಿಟ್ಟು, ಎರಡು ವರ್ಷದಲ್ಲಿ ಮೊದಲ ಸಲ, ಅಬ್ ಟ್ರೇನ್ ಮೇ ಜಾನಾ ಪಡೇಗಾ ನಾ ಮಮ್ಮಿ, ಇನ್ನು ರೈಲು ಹತ್ತಲೇಬೇಕಲ್ಲ ಎಂದು ನಗುತ್ತಾ ಅಳುತ್ತಾ, ಕೈ ಚಾಚಿದಳು, ಹಾಥ್ ದೇ, ಉಠ್, ಮೈಂ ಖೀಂಚ್ತೀ ಹೂಂ, ಕೈ ಕೊಡು, ಏಳು, ಎಳೆಯುತ್ತೇನೆ ಎನ್ನುತ್ತಿದ್ದಾಳೆ, ಎಳೆಯುತ್ತಾಳೆ, ಎಳೆದರೆ ಈ ಮೈ — ಬೇಡ ಮಗಾ, ಎಳೆಯಬೇಡ, ನಿನಗೆ ಗೊತ್ತಿಲ್ಲ ಈ ಮೈ ಏನು ಮಾಡುತ್ತದೆಂದು, ಬೆನ್ನು ಆಗಲೇ ಹಿಂದಕ್ಕೆ ಹೋಗುತ್ತಿದೆ, ಇಲ್ಲದ ಹಿಮ್ಮಡಿ ಊರಿಕೊಳ್ಳುತ್ತಿದೆ, ನನ್ನ ಕೈ ಕಂಬ ಬಿಡುತ್ತಿಲ್ಲ, ಹೇಳಬೇಕು, ಬಾಯಿ ಬರುತ್ತಿಲ್ಲ, ಅವಳ ನಗು ನಿಧಾನವಾಗಿ ನಿಲ್ಲುತ್ತಿದೆ, ಮಮ್ಮಿ, ಹಾಥ್ ದೇ ನಾ, ಕೈ ಇನ್ನೂ ಚಾಚಿಯೇ ಇದೆ, ಮುಖದ ಮುಂದೆಯೇ, ಕಚ್ಚಿದ ಉಗುರು, ಕಿರುಬೆರಳು, ಅದರ ಪಕ್ಕದ್ದು, ಐದು ಬೆರಳು, ಬಿಚ್ಚಿಕೊಂಡ ಐದು ಬೆರಳು