ರಾಶಿಯ ತಳದ ಪುರಿ

ಸೋಮವಾರ ಬೆಳಿಗ್ಗೆ ಮಗಳು ಪಂಕಜ ಶಾಲೆಗೆ ಹೋಗುವುದಿಲ್ಲವೆಂದು ಪಡಸಾಲೆಯ ಕಂಬ ತಬ್ಬಿಕೊಂಡು ನಿಂತಳು. ಅವಳನ್ನು ಸೇರಿಸಿ ಇನ್ನೂ ಎರಡು ವಾರ ಆಗಿತ್ತಷ್ಟೆ. ಹೀಗೇ ಬಿಟ್ಟರೆ ಕಂಬ ಬಿಡುವವಳಲ್ಲ, ಶಾಲೆಯನ್ನೇ ಬಿಡುತ್ತಾಳೆ ಎಂದು ನನಗೆ ಭಯವಾಯಿತು.

ಕಾರಣ ಶನಿವಾರ ನಾನು ಕಟ್ಟಿಕೊಟ್ಟ ಗಂಟು. ಹಳೆಯ ಟವೆಲಿನಲ್ಲಿ ಕಡಲೆಪುರಿ, ಜೊತೆಗೊಂದು ಚೂರು ಬೆಲ್ಲ. ನಾನೂ ಅದೇ ಶಾಲೆಯಲ್ಲಿ ಓದಿದವನು. ಆಗ ಅದು ನಮ್ಮೂರ ಗುಡಿಯ ಪಕ್ಕದ ಹಂಚಿನ ಕಟ್ಟಡ, ಸುತ್ತ ರಾಗಿ ಹೊಲ. ಈಗ ನಮ್ಮೂರನ್ನು ನುಂಗಿರುವ ಬಡಾವಣೆಗೆ ಜಯನಗರ ಅನ್ನುವ ಹೆಸರೇ ಹುಟ್ಟಿರಲಿಲ್ಲ. ಶನಿವಾರ ಪಾಠ ಮುಗಿದ ಮೇಲೆ ಭಜನೆ. ಪ್ರತಿಯೊಬ್ಬರೂ ಮನೆಯಿಂದ ಒಂದು ಹಿಡಿ ಪುರಿಯೋ ಹುರಿಗಡಲೆಯೋ ಕೊಬ್ಬರಿಯೋ ತರಬೇಕು. ಗಂಗಾಧರಯ್ಯ ಮೇಷ್ಟ್ರು ತಮ್ಮ ಅಂಗವಸ್ತ್ರ ಹಾಸಿ, ಎಲ್ಲರದನ್ನೂ ಒಂದೇ ರಾಶಿ ಮಾಡಿ, ಎರಡೂ ಕೈಯಿಂದ ಬೆರೆಸಿ ಹಂಚುತ್ತಿದ್ದರು. ಏನೂ ತಾರದವನಿಗೂ ಅಷ್ಟೇ ಸಿಗುತ್ತಿತ್ತು. ಆ ಪುರಿಗಿದ್ದ ರುಚಿ ಮನೆಯ ಪುರಿಗೆ ಇರುತ್ತಿರಲಿಲ್ಲ.

ಪಂಕಜ ಆ ಗಂಟನ್ನು ಮಿಸ್ಸಿನ ಮೇಜಿನ ಮೇಲೆ ಬಿಚ್ಚಿ, ರಾಶಿ ಎಲ್ಲಿ ಎಂದು ಕೇಳಿದಳಂತೆ. ತರಗತಿಯೆಲ್ಲ ನಕ್ಕಿತಂತೆ. ಈಗ ಭಜನೆಯೂ ಇಲ್ಲ, ರಾಶಿಯೂ ಇಲ್ಲ. ಅವರವರ ಡಬ್ಬಿ ಅವರವರಿಗೆ. ಯಾರೋ ಅವಳಿಗೆ ಪುರಿ ಪಂಕಜ ಎಂದು ಹೆಸರಿಟ್ಟೂ ಆಗಿತ್ತು.

"ನಿಮ್ಮ ಕಾಲದ್ದೆಲ್ಲ ಆ ಮಗೂ ತಲೆಗೆ ಯಾಕೆ ಕಟ್ಟಿದ್ರಿ? ಈಗ ನೀವೇ ಬಿಡಿಸಿ," ಎಂದಳು ನನ್ನ ಹೆಂಡತಿ ಲಕ್ಷ್ಮಮ್ಮ. ಕಾರ್ಖಾನೆಯಲ್ಲಿ ನನಗೆ ಆ ವಾರ ಸೆಕೆಂಡ್ ಶಿಫ್ಟು, ಬೆಳಿಗ್ಗೆ ಬಿಡುವು. ಹಾಗೇ ವಾಪಸು ಬಂದಿದ್ದ ಗಂಟನ್ನು ಕೈಚೀಲಕ್ಕೆ ಹಾಕಿಕೊಂಡು, ಮಗಳ ಕೈ ಹಿಡಿದು ಹೊರಟೆ. ರಾಶಿ ಯಾಕೆ ನಿಂತಿತು ಎನ್ನುವುದನ್ನು ತಿಳಿಯದೆ ನನಗೂ ಸಮಾಧಾನವಿರಲಿಲ್ಲ.

ಹಂಚು ಹೋಗಿ ತಾರಸಿ ಬಂದಿತ್ತು. ಗುಡಿಗೂ ಶಾಲೆಗೂ ನಡುವೆ ಕಾಂಪೌಂಡ್ ಗೋಡೆ ಎದ್ದಿತ್ತು. ಹುಣಸೆಮರಕ್ಕೆ ನೇತುಹಾಕಿದ್ದ ರೈಲುಕಂಬಿಯ ಗಂಟೆ ಇಲ್ಲ, ಮರವೂ ಇಲ್ಲ. ಸೇರಿಸಲು ಬಂದಾಗಲೂ ಕಂಡಿದ್ದೇ, ಆದರೆ ಅವತ್ತು ನೋಡುತ್ತ ನೋಡುತ್ತ ಮನಸ್ಸು ಮುದುಡಿತು. ಎಲ್ಲ ಜಯನಗರದ ಈ ಬ್ಲಾಕುಗಳಲ್ಲಿ ಮನೆ ಕಟ್ಟಿದವರ ಕೆಲಸ, ಹಳ್ಳಿ ಮಕ್ಕಳ ಪುರಿ ಅವರಿಗೆ ಅಸಹ್ಯವಾಗಿರಬೇಕು ಎಂದು ದಾರಿಯಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ಹೆಡ್ ಮಿಸ್ಸು ಚೂಡಾಮಣಿಯವರು ಮೇಷ್ಟ್ರು ನಿವೃತ್ತರಾದ ಮೇಲೆ ಬಂದವರು. ನನ್ನ ತೀರ್ಮಾನವನ್ನು ಪೂರ್ತಿ ಕೇಳಿಸಿಕೊಂಡರು.

"ಬ್ಲಾಕಿನೋರು ಕೈ ತೊಳೆಸಿ ಕೊಡಿ ಅಂದ್ರು, ಅಷ್ಟೇ. ನಿಲ್ಲಿಸಿದ್ದು ನಿಮ್ಮೂರಿನೋರು," ಎಂದರು.

ಬಂದ ಮೊದಲ ಶನಿವಾರ ಅವರೂ ಬಟ್ಟೆ ಹಾಸಿ ಬೆರೆಸಿ ಹಂಚಿದ್ದರಂತೆ. ಮುಂದಿನ ವಾರ ಊರಿನ ಕೆಲವರು ಬಂದರಂತೆ, ಮಿಸ್ಸಿನ ತಂದೆ ಯಾವ ಕೇರಿಯವರೆಂದು ಮೊದಲೇ ವಿಚಾರಿಸಿಕೊಂಡು.

"ಮಕ್ಕಳು ತಂದಿದ್ದು ಬೆರೀಲಿ, ಬೆರೆಸೋ ಕೈ ಮಾತ್ರ ಬೇರೆ ಯಾರದಾದ್ರೂ ಆಗ್ಲಿ ಅಂದ್ರು. ಹಾಗಿದ್ರೆ ರಾಶಿನೇ ಬೇಡ ಅಂದೆ."

ಯಾರು ಎಂದು ಕೇಳಲು ಬಾಯಿ ತೆರೆದೆ. ಅವರು ತಲೆಯಾಡಿಸಿದರು. "ಬೇಡ ಬಿಡಿ. ನಿಮ್ಮ ನೆಂಟರೂ ಇರಬಹುದು."

ಆಗ ನನಗೆ ಬೈರಣ್ಣ ನೆನಪಾದ. ಊರಾಚೆಯ ಕೇರಿಯಿಂದ ಬರುತ್ತಿದ್ದ ಹುಡುಗ, ಬಾಗಿಲ ಹತ್ತಿರ ಕೂರುತ್ತಿದ್ದ. ಪ್ರತಿ ಶನಿವಾರ ತಂದದ್ದನ್ನು ಸುರಿಯಲು ಮೇಷ್ಟ್ರು ಮೊದಲು ಕರೆಯುತ್ತಿದ್ದದ್ದು ಅವನನ್ನೇ. ಬಾಗಿಲಿಂದ ಶುರುಮಾಡುತ್ತಾರೆ ಎಂದು ನಾವು ಅಂದುಕೊಂಡಿದ್ದೆವು. ಅದನ್ನು ಅವರಿಗೆ ಹೇಳಿದೆ.

"ಮೊದಲು ಸುರಿದಿದ್ದು ತಳಕ್ಕೆ ಹೋಗುತ್ತೆ," ಎಂದರು ಚೂಡಾಮಣಿ. "ಆಮೇಲೆ ಯಾರು ತಾನೇ ಆರಿಸಿ ತೆಗೀತಾರೆ? ಜಾಣ ಮೇಷ್ಟ್ರು." ಮೊದಲ ಸಲ ನಕ್ಕರು. ಮತ್ತೆ, "ಆದ್ರೂ ಬೆರೆಸಿದ್ದು ಅವರ ಕೈ, ಕೇರಿ ಕೈ ಅಲ್ಲ. ಅದಕ್ಕೇ ನಡೀತು," ಎಂದರು.

ನನ್ನ ಹಳೇ ಶಾಲೆ ಇಷ್ಟು ಬೇಗ ಬದಲಾಯಿತಲ್ಲ ಎಂದು ಕೊರಗುತ್ತ ಬಂದಿದ್ದೆ. ಆಗಲಾದರೂ ಅದು ನಾನು ಅಂದುಕೊಂಡ ಹಾಗೆ ಇತ್ತೇ? ಆ ರಾಶಿ ಎಲ್ಲರದೋ, ಮೇಷ್ಟ್ರ ಎರಡು ಕೈಯದೋ?

ಚೀಲದಿಂದ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಪುರಿ ಮೆತ್ತಗಾಗಿತ್ತು. ಅವರು ನನ್ನ ಮುಖ ನೋಡಿದರು, ಬಾಗಿಲಲ್ಲಿ ನಿಂತ ಪಂಕಜಳನ್ನು ನೋಡಿದರು. ಆಮೇಲೆ ತಮ್ಮ ಡಬ್ಬಿಯಿಂದ ಹುರಿಗಡಲೆ ಸುರಿದು, ಎರಡೂ ಕೈ ಹಾಕಿ ಚೆನ್ನಾಗಿ ಬೆರೆಸಿದರು. ನಾನು ಒಂದು ಹಿಡಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಪಂಕಜ ಮೆಲ್ಲಗೆ ಹತ್ತಿರ ಬಂದಳು.

"ಮಿಸ್, ಇದ್ರಲ್ಲಿ ನಮ್ದು ಯಾವುದು?"

"ಹುಡುಕು ನೋಡೋಣ."

ಪುರಿಯನ್ನು ಬೆರಳಲ್ಲಿ ಆಡಿಸುತ್ತ ನಿಂತಳು. ಕಡಲೆ ಮಿಸ್ಸಿಂದು, ಪುರಿ ನಮ್ದು ಎಂದಳು. ಅದನ್ನು ಕಂಡುಹಿಡಿದ ಖುಷಿಗೆ ಎರಡನ್ನೂ ಒಟ್ಟಿಗೆ ಬಾಯಿ ತುಂಬ ತುಂಬಿಕೊಂಡಳು.

ಗಂಟೆ ಹೊಡೆಯಿತು. ತರಗತಿಯ ಕಡೆ ಹೋಗುತ್ತಿದ್ದವಳು ಅರ್ಧದಾರಿಯಲ್ಲಿ ತಿರುಗಿ ಬಂದಳು.

"ಅಪ್ಪಾ, ಶನಿವಾರ ಟವೆಲ್ಲು ಬೇಡ, ನಗ್ತಾರೆ. ಡಬ್ಬಿನೇ ಕೊಡ್ಸು," ಎಂದಳು. ನನ್ನ ಮುಖ ನೋಡಿ ಏನನ್ನಿಸಿತೋ. "ಸ್ವಲ್ಪ ದೊಡ್ಡದು. ಮಿಸ್ಸು ಕೈ ಹಾಕೋ ಅಷ್ಟು."