ಓದಿ ಹೇಳಲಾಗಿ ಕೇಳಿದೆ

"ಕೆಲ್ಸ ಜಾಸ್ತಿ ಆಗಿಲ್ಲ ಕಣೋ ಬೋಳಿಮಗನೆ, ನಿನ್ ಸ್ವಭಾವಾನೇ ಸರಿ ಇಲ್ಲ!"

ಇನ್‌ಸ್ಪೆಕ್ಟರು ಎಸೆದ ಹಾಳೆ ರೈಟರನ ಎದೆಗೆ ಬಡಿದು ನೆಲಕ್ಕೆ ಬಿತ್ತು. ಇಪ್ಪತ್ತು ವರ್ಷದಿಂದ ಠಾಣೆಯ ಹೇಳಿಕೆಗಳನ್ನೆಲ್ಲ ಬರೆದು ಬರೆದು ಆ ಪೇದೆಗೆ ರೈಟರ್ ಎಂಬುದೇ ಹೆಸರಾಗಿ ಹೋಗಿತ್ತು. ಬೆಳಿಗ್ಗೆ ಮನಶ್ಶಾಸ್ತ್ರದ ಮೇಡಂ ಒಬ್ಬರು ಬಂದು, ಪೊಲೀಸರ ಸ್ವಭಾವಕ್ಕೂ ಒತ್ತಡಕ್ಕೂ ಇರುವ ನಂಟು ಹುಡುಕಬೇಕೆಂದು ಎಲ್ಲರಿಗೂ ಪ್ರಶ್ನೆಪತ್ರ ಹಂಚಿ, ಚಹಾ ಕುಡಿದು ಹೋಗಿದ್ದರು. ಮುಚ್ಚುಮರೆ ಬೇಡ ಅಂದಿದ್ದರು. ಪುಣ್ಯಾತ್ಮ ರೈಟರ್ ಅದನ್ನು ನಂಬಿ ಉತ್ತರ ಬರೆದಿದ್ದ.

ನಿದ್ದೆ ಬರುತ್ತದೆಯೇ? 'ಬಿಟ್ಟರೆ ಬರುತ್ತದೆ.' ಬೇರೆಯವರೊಂದಿಗೆ ಬೆರೆಯುತ್ತೀರಾ? 'ಸಾಹೇಬರ ನಾಯಿಯೊಂದಿಗೆ, ದಿನಕ್ಕೆರಡು ಸಲ.' ಸಿಟ್ಟು ಬಂದಾಗ ಏನು ಮಾಡುತ್ತೀರಿ? 'ಸೆಲ್ಯೂಟ್.'

"ಮೇಲಿನೋರು ಇದನ್ನ ಓದಿದ್ರೆ ನನ್ ಮರ್ಯಾದೆ ಏನಾಗ್ಬೇಕೋ?"

ಇನ್‌ಸ್ಪೆಕ್ಟರು ಹೊಸ ಹಾಳೆ ತಳ್ಳಿದರು. ಉತ್ತರಗಳನ್ನು ತಾವೇ ತುಂಬಿದ್ದರು. ಅದರ ಪ್ರಕಾರ ರೈಟರ್ ಹುಟ್ಟಾ ಮುಂಗೋಪಿ, ಅಂಜುಬುರುಕ, ಹೆಂಡತಿಯೊಡನೆ ಸದಾ ಜಗಳ. ಠಾಣೆ ಮಾತ್ರ ತವರುಮನೆ ಇದ್ದಂತೆ.

"ಸೈನ್ ಹಾಕು. ನಿನ್ ರಜೆ ಚೀಟಿಗೂ ನನ್ ಸೈನ್ ಬೀಳ್ತದೆ."

ರಜೆ ಚೀಟಿ ಮೇಜಿನ ಗಾಜಿನಡಿ ಎಂಟು ದಿನದಿಂದ ಬೆಚ್ಚಗೆ ಮಲಗಿತ್ತು. ನಾಳೆ ಹೆಂಡತಿಗೆ ಗರ್ಭಕೋಶದ ಆಪರೇಷನ್. ಇವನಿಗೆ ರಜೆ ಸಿಗದೆ ಎರಡು ಸಲ ಮುಂದೆ ಹೋಗಿತ್ತು. "ಈ ಸಲ ನೀವ್ ಬರ್ದಿದ್ರೆ ಒಬ್ಳೇ ಹೋಗಿ ಮಲಗ್ತೀನಿ" ಅಂದಿದ್ದಳು.

ರೈಟರ್ ಪೆನ್ನು ತೆಗೆದ. ಕೈ ತಾನಾಗಿಯೇ ಹಳೆಯ ಸಾಲನ್ನು ಬರೆಯಿತು: 'ಓದಿ ಹೇಳಲಾಗಿ ಕೇಳಿದೆ, ಸರಿ ಇದೆ.' ಪ್ರತಿ ಹೇಳಿಕೆಯ ಕೊನೆಗೂ ಅವನು ಬರೆಯುವ ಸಾಲು ಅದು. ಓದಿ ಹೇಳದೆಯೇ ಎಷ್ಟು ಕೂಲಿಯವರ, ಎಷ್ಟು ಕಸ ಹೆಕ್ಕುವವರ ಹೆಬ್ಬೆಟ್ಟನ್ನು ಅದರಡಿ ಒತ್ತಿಸಿದ್ದನೋ! "ಏನ್ ಬರ್ದಿದೀರಣ್ಣಾ?" ಎಂದು ಕೇಳಿದ ಹಮಾಲಿಯೊಬ್ಬನ ಕಪಾಳಕ್ಕೆ ಬಾರಿಸಿಯೂ ಇದ್ದ. ಈಗ ರೈಟರನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆ ಸಾಲನ್ನು ಹೊಡೆದುಹಾಕಿದ. ಕೆಳಗೆ ದುಂಡಗೆ ಬರೆದ: 'ಓದಿ ಹೇಳಲಿಲ್ಲ, ಕೇಳಲಿಲ್ಲ, ಸರಿ ಇಲ್ಲ.' ಸಹಿ ಹಾಕಿದ. ಗಾಜು ಎತ್ತಿ ರಜೆ ಚೀಟಿಯನ್ನು ಸಹಿಯಿಲ್ಲದೆಯೇ ಜೇಬಿಗಿಳಿಸಿ, ಟೋಪಿಯನ್ನು ಮೇಜಿನ ಮೇಲಿಟ್ಟ.

"ಏನೋ ಗೀಚ್ದೆ, ಸೂಳೆಮಗನೆ?"

"ಓದಿ ಹೇಳಿ ಸಾರ್," ಎಂದ ರೈಟರ್, ಸೆಲ್ಯೂಟ್ ಹೊಡೆಯದೆ. "ಕೇಳ್ತೀನಿ."